ಐದು ಬಾಗಿಲಿನ ಆಟ

ನಮ್ಮೂರಿನ ಪರ್ವತಗೌಡರು ನಡೆದರೆ ಬಾತುಕೋಳಿ ಕೂಗಿದ ಹಾಗೆ ಸದ್ದು ಬರುತ್ತಿತ್ತು. ಆರಡಿ ಆಳು, ಕಿವಿಯವರೆಗೆ ಮೀಸೆ, ತಲೆಯ ಮೇಲೆ ಬುಟ್ಟಿಯಷ್ಟು ದೊಡ್ಡ ರುಮಾಲು, ಕಾಲಡಿಯಲ್ಲಿ ಮಾತ್ರ ಕ್ವಾಕ್ ಕ್ವಾಕ್. ಯಾರೂ ನಗುತ್ತಿರಲಿಲ್ಲ. ಅವರಪ್ಪನ ಕಾಲಡಿಯಲ್ಲೂ ಅದೇ ಸದ್ದು, ಅವರಜ್ಜನ ಕಾಲಡಿಯಲ್ಲೂ ಅದೇ. ನಮ್ಮೂರಿನಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಸದ್ದು. ತಳವಾರ ಯಂಕಪ್ಪನ ಮನೆಯವರು ಹೆಜ್ಜೆ ಇಟ್ಟರೆ ಬಾವಿಯ ಗಡಗಡಿ ತಿರುಗಿದಂತೆ ಕಿರ್ ಎನ್ನುತ್ತಿತ್ತು. ಆಟದ ಮಾಸ್ತರ ಅಂದಾನೆಪ್ಪನ ಕಾಲಡಿಯಲ್ಲಿ ಕೊಡ ತುಂಬುವ ಗುಳುಗುಳು. ನಮ್ಮ ಚಿಕ್ಕಮ್ಮನನ್ನು ಕೊಟ್ಟ ಮನೆಯದು ಹಪ್ಪಳ ಮುರಿಯುವ ಸದ್ದು. ಮೆಟ್ಟು ಹಾಕಿದರೂ ಬಿಟ್ಟರೂ, ಮಣ್ಣಿನ ಮೇಲಾದರೂ ಹಲಗೆಯ ಮೇಲಾದರೂ ಸದ್ದು ತಪ್ಪುತ್ತಿರಲಿಲ್ಲ.

ಹೀಗಾಗಿ ನಮ್ಮೂರಿನವರ ಕಣ್ಣಿಗೆ ಕೆಲಸ ಕಡಿಮೆ. ಬಾಗಿಲು ತಟ್ಟುವವರಿಲ್ಲ, ಯಾರು ಎಂದು ಕೇಳುವವರಿಲ್ಲ. ಹೆಂಗಸರು ಜೋಳ ಹಸನು ಮಾಡುತ್ತ, ತಲೆಯನ್ನೇ ಎತ್ತದೆ, "ಏನ್ ಯಂಕಪ್ಪಾ, ಉಂಡ್ಯೇನು?" ಎಂದು ಓಣಿಯಲ್ಲಿ ಹೋಗುವವನನ್ನು ಮಾತಾಡಿಸುತ್ತಿದ್ದರು. ಹೊರಗಿನಿಂದ ಸೊಸೆಯಾಗಿ ಬಂದವರಿಗೂ ಗಂಡನ ಮನೆಯ ರೊಟ್ಟಿ ತಿಂದ ಮೂರನೆಯ ದಿನಕ್ಕೆ ಆ ಮನೆಯ ಸದ್ದು ಹತ್ತುತ್ತಿತ್ತು. ನಮ್ಮ ಚಿಕ್ಕಮ್ಮ ಹಂಪವ್ವನಿಗೂ ಹಾಗೆಯೇ ಹತ್ತಿತಂತೆ. ಬಚ್ಚಲಿಗೆ ಹೋಗುವಾಗ ಕಾಲಡಿಯಲ್ಲಿ ಪಟ್ ಎಂದಾಗ ಅವಳು ಕುಣಿದಾಡಿಬಿಟ್ಟಳಂತೆ.

ನನಗೆ ಹತ್ತಲಿಲ್ಲ. ಅಪ್ಪ ಅವ್ವ ಒಂದೇ ಜ್ವರದಲ್ಲಿ ಹೋದ ಮೇಲೆ ಚಿಕ್ಕಮ್ಮ ನನ್ನನ್ನು ಆ ಊರಿಗೆ ಕರೆತಂದಳು. ಆಗ ನನಗೆ ಐದು ವರ್ಷ. ಚಿಕ್ಕಮ್ಮನ ಅತ್ತೆ ಫಕೀರವ್ವ ಮೂರು ದಿನ ರೊಟ್ಟಿ ಹಾಕಿ ಕಿವಿಗೊಟ್ಟು ಕುಳಿತಳು. ಮೂರು ತಿಂಗಳೂ ಕಳೆದವು. ಮುದುಕಿ ನನ್ನನ್ನು ಬೂದಿಯ ಮೇಲೆ ನಡೆಸಿದಳು, ಉಪ್ಪಿನ ಮೇಲೆ ನಡೆಸಿದಳು, ಹಸಿ ಮಣ್ಣಿನ ಮೇಲೆ ನಡೆಸಿದಳು. ಕೊನೆಗೆ ನಾನೇ ಒಂದು ಉಪಾಯ ಮಾಡಿ, ಮಾಳಿಗೆಯ ಮೇಲೆ ಒಣಹಾಕಿದ್ದ ಹಪ್ಪಳದ ಮೇಲೆ ನಡೆದೆ. ಆಗ ಸದ್ದು ಬಂತು. ಬೆನ್ನಿಗೆ ಎರಡು ಗುದ್ದೂ ಬಿದ್ದವು.

"ಭೂಮಿತಾಯಿ ಇದನ್ನ ಒಲ್ಲೆ ಅಂತಾಳ. ನಾ ಏನ್ ಮಾಡ್ಲಿ?" ಎಂದು ಫಕೀರವ್ವ ಕೈಚೆಲ್ಲಿದಳು. ಆಕೆಗೆ ನಾನು 'ಇದು'. ನನ್ನ ಹೆಸರು ಸಾವಂತ್ರಿ ಎಂಬುದು ಆಕೆಗೆ ಗೊತ್ತಿತ್ತೋ ಇಲ್ಲವೋ.

ಸದ್ದಿಲ್ಲದ ಮಗುವಿನ ಪಾಡು ಹೇಳತೀರದು. ನಾನು ಪಕ್ಕದಲ್ಲಿ ನಿಂತು "ಅತ್ತೀ" ಎಂದರೆ ಹೆಂಗಸರು ಕೈಯಲ್ಲಿದ್ದ ಹಾಲಿನ ಚರಿಗೆ ಬಿಟ್ಟು ಕಿರುಚುತ್ತಿದ್ದರು. ಯಾರ ಮನೆಯಲ್ಲಿ ಬೆಲ್ಲದ ಅಚ್ಚು ಕಾಣೆಯಾದರೂ ಮೊದಲು ನನ್ನ ಬಾಯಿ ಮೂಸುತ್ತಿದ್ದರು. ಕಣ್ಣಾಮುಚ್ಚಾಲೆಗೆ ಹುಡುಗರು ನನ್ನನ್ನು ಸೇರಿಸುತ್ತಿರಲಿಲ್ಲ, ಆ ಊರಲ್ಲಿ ಅದು ಕಿವಿಯಿಂದ ಹುಡುಕುವ ಆಟ. ಕೊನೆಗೆ ಪಂಚರು ಕೂತು ಒಂದು ತೀರ್ಮಾನ ಮಾಡಿದರು. ಕುರಿಯ ಕೊರಳಿನ ಗಂಟೆಯೊಂದನ್ನು ತಂದು ನನ್ನ ಕಾಲಿಗೆ ಕಟ್ಟಿದರು. ಮಲಗುವಾಗ ಮಾತ್ರ ಬಿಚ್ಚಬಹುದು ಎಂದರು. ಅದರ ನಾಲಗೆ ಹಿಮ್ಮಡಿಗೆ ಬಡಿದು ಬಡಿದು ಅಲ್ಲಿ ಚರ್ಮ ದಡ್ಡುಗಟ್ಟಿತ್ತು.

ಆದರೂ ನಿಜವಾದ ಹೆದರಿಕೆ ಬೇರೆ ಇತ್ತು. ಸುಗ್ಗಿ ಮುಗಿದ ಮೇಲೆ ಒಂದು ದಿನ ನಮ್ಮೂರಿನಲ್ಲಿ ಮಕ್ಕಳ ಬಯಲಾಟ. ಬೇರೆ ಕಡೆ ಬಯಲಾಟ ರಾತ್ರಿ ಆಡುತ್ತಾರಂತೆ, ನಮ್ಮಲ್ಲಿ ಹಗಲು. ಅಷ್ಟು ಜನ ರಾತ್ರಿ ಓಡಾಡಿದರೆ ಕೂಸುಗಳು ಮಲಗಬೇಕಲ್ಲ! ಆಟ ಮುಗಿದ ಮೇಲೆ ಆ ವರ್ಷ ಹತ್ತು ತುಂಬಿದ ಮಕ್ಕಳು ಊರ ಕಟ್ಟೆಯ ಮುಂದೆ ಒಬ್ಬೊಬ್ಬರಾಗಿ ನಡೆಯಬೇಕು. ಇದಕ್ಕೆ ಹೆಜ್ಜೆ ಒಪ್ಪಿಸುವುದು ಎಂದು ಹೆಸರು. ಮನೆಯ ಸದ್ದು ಕೇಳಿಸಿದರೆ ಕಟ್ಟೆಯ ಮೇಲಿನಿಂದ ಗೌಡರು ಒಪ್ಪಿಗೆಯೆಂದು ಕೈ ಎತ್ತುತ್ತಾರೆ, ಅಲ್ಲಿಗೆ ಆ ಮಗು ಊರಿನದಾಯಿತು. ಸದ್ದು ಬಾರದಿದ್ದರೆ ಊರೊಳಗೆ ಇರುವಂತಿಲ್ಲ. ಅಲ್ಲಿಯವರೆಗೆ ಹಾಗೆ ಆದದ್ದಿಲ್ಲವಾದರೂ ನಿಯಮ ಮಾತ್ರ ಇತ್ತು. ನನಗೆ ಹತ್ತು ತುಂಬಿದ ವರ್ಷ ಗೌಡರು ಮೊದಲೇ ಹೇಳಿ ಕಳಿಸಿದರು: ಆಟದ ಮರುದಿನ ನನ್ನನ್ನು ದೂರದ ಪಟ್ಟಣದ ಅನಾಥಾಲಯಕ್ಕೆ ಬಿಟ್ಟು ಬರುವುದು.

ಚಿಕ್ಕಮ್ಮ ಗೌಡರ ಕಾಲು ಹಿಡಿದಳು. "ಕೂಸು ಐತ್ರಿ ಅದು. ನನ್ನ ಅಕ್ಕನ ಮಗಳು. ಎಲ್ಲಿಗಂತ ಕಳಸ್ಲಿ?"

"ಅದರ ಮ್ಯಾಲ ನನಗೇನ್ ಸಿಟ್ಟಿಲ್ಲವಾ ಹಂಪವ್ವ," ಎಂದರು ಗೌಡರು. ನಿಜಕ್ಕೂ ಅವರದು ಕೆಟ್ಟ ಮನಸ್ಸಲ್ಲ. "ಸದ್ದಿಲ್ಲದವರನ್ನ ಇಟ್ಕೊಂಡ್ರ ನಾಳೆ ಕಳ್ಳರು ಯಾರು, ನಮ್ಮವರು ಯಾರು ಅಂತ ಹ್ಯಾಂಗ ತಿಳೀಬೇಕು?"

ಆ ಸಂಜೆ ನಾನು ಅಳುವುದಕ್ಕೆ ಜಾಗ ಹುಡುಕಿಕೊಂಡು ಹೊರಟೆ. ಗಂಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಊರ ತುದಿಯ ಖಾಲಿ ಹತ್ತಿ ಗೋದಾಮಿನೊಳಗೆ ನುಗ್ಗಿದೆ. ಅಲ್ಲಿ ಅಂದಾನೆಪ್ಪ ಮಾಸ್ತರ ಒಬ್ಬನೇ ಕೂತು ಕಟ್ಟಿಗೆಯ ಕಿರೀಟಕ್ಕೆ ಬೇಗಡೆ ಅಂಟಿಸುತ್ತಿದ್ದ. ನಾನು ಅವನ ಹಿಂದೆಯೇ ಹಾದು, ಮೂಲೆಯಲ್ಲಿ ಕೂತು, ಸಾಕಾಗುವಷ್ಟು ಅತ್ತು, ಮೂಗು ಸೀನಿದೆ. ಮಾಸ್ತರ ಕಿರೀಟ ಬಿಟ್ಟು ಎದ್ದುನಿಂತ. ಬೈಯುತ್ತಾನೆಂದು ನಾನು ಬಾಗಿಲ ಕಡೆ ನೋಡಿದೆ.

"ಯಾವಾಗ ಬಂದಿ?"

"ಆಗಲೇ."

"ನನ್ನ ಹಿಂದಿಂದ?"

"ಹೂಂ."

ಅವನು ಹಣೆ ಹಣೆ ಬಡಿದುಕೊಂಡು ನಗತೊಡಗಿದ. "ಅಲ್ಲಬೇ ಹುಡುಗಿ, ನಿನ್ನಂಥಾಕಿನ್ನ ಹುಡುಕಿ ಹುಡುಕಿ ನನ್ನ ತಲಿ ಬೆಳ್ಳಗಾತು! ಇಲ್ಲೇ ಇದ್ದೆಲ್ಲ, ಕಾಲಿಗೆ ಕುರಿಗಂಟಿ ಕಟ್ಕೊಂಡು!"

ಅವನ ಸಂಕಟ ನನಗೆ ಆಮೇಲೆ ತಿಳಿಯಿತು. ನಮ್ಮೂರಿನಲ್ಲಿ ಆಟ ಕಟ್ಟುವುದೆಂದರೆ ಕರ್ಮ. ಅರಸ ರಂಗಕ್ಕೆ ಬಂದರೆ ಜನರಿಗೆ ಅರಸ ಕಾಣುತ್ತಿರಲಿಲ್ಲ, ಗೌಡರ ಮೊಮ್ಮಗನ ಕ್ವಾಕ್ ಕೇಳುತ್ತಿತ್ತು. ರಾಕ್ಷಸ ಬಂದರೆ "ಗಡಗಡಿ ಮನಿ ಹುಡುಗ ಬಂದ" ಎನ್ನುತ್ತಿದ್ದರು. ಯಾರು ಏನು ವೇಷ ಹಾಕಿದರೂ ಅವರವರ ಮನೆ ಅವರ ಕಾಲಿಗೆ ಅಂಟಿಕೊಂಡು ಬರುತ್ತಿತ್ತು. ಮಾಸ್ತರನ ಮನಸ್ಸಿನಲ್ಲಿದ್ದದ್ದು ಐದು ಬಾಗಿಲಿನ ಆಟ. ಅರಸನನ್ನು ವೈರಿ ಕೋಟೆಯಲ್ಲಿ ಸೆರೆಯಿಟ್ಟಿದ್ದಾರೆ, ರಾಣಿ ಒಂದೊಂದು ಬಾಗಿಲಿಗೆ ಒಂದೊಂದು ವೇಷ ಹಾಕಿ ಕಾವಲುಗಾರರ ಕಣ್ಣು ತಪ್ಪಿಸಿ ಒಳಗೆ ಹೋಗಬೇಕು. ಮಾಸ್ತರ ಹರೆಯದಲ್ಲಿ ಒಮ್ಮೆ ಅದನ್ನು ಆಡಿಸಿದ್ದನಂತೆ. ರಾಣಿ ಯಾವ ವೇಷದಲ್ಲಿ ಬಂದರೂ ಅದೇ ಮನೆಯ ಸದ್ದು ಕೇಳಿ, "ಮತ್ತ ಬಂದ್ಲು ನೋಡ್ರಪಾ!" ಎಂದು ಜನ ಬಿದ್ದು ಬಿದ್ದು ನಕ್ಕು, ಎರಡನೆಯ ಬಾಗಿಲಿಗೇ ಆಟ ನಿಂತುಹೋಗಿತ್ತು.

"ನಿನ್ನ ಹಿಂದ ಯಾವ ಮನೀನೂ ಬರೂದಿಲ್ಲ. ನೀ ಯಾರು ಬೇಕಾದ್ರೂ ಆಗಬಹುದು," ಎಂದ ಮಾಸ್ತರ. ಅವನು ನನ್ನ ಕೈಯಿಂದ ಕುರಿಗಂಟೆ ಕಿತ್ತುಕೊಂಡು ಗೋದಾಮಿನ ಕಿಟಕಿಯಿಂದಾಚೆ ಎಸೆದ. ನನಗೆ ಎದೆ ಹಗುರಾದದ್ದು ಇವತ್ತಿಗೂ ನೆನಪಿದೆ. ಇಲ್ಲದ್ದಕ್ಕೆ ಬೈಸಿಕೊಂಡೇ ಬೆಳೆದವಳು ನಾನು. ಆ ಇಲ್ಲದ್ದನ್ನೇ ಒಬ್ಬ ಮನುಷ್ಯ ಹುಡುಕುತ್ತಿದ್ದನಂತೆ.

ಆಮೇಲೆ ದಿನವೂ ತಾಲೀಮು; ಹೇಗೂ ಹೋಗುವ ಹುಡುಗಿಯೆಂದು ಗಂಟೆಯ ಸುದ್ದಿ ಯಾರೂ ಎತ್ತಲಿಲ್ಲ. ಗೋದಾಮಿನಲ್ಲಿ ಹತ್ತಿಯ ಎಳೆಗಳು ಇನ್ನೂ ಹಾರಾಡುತ್ತಿದ್ದವು, ಹಾಡುವಾಗ ಬಾಯಿಗೆ ಹೋಗುತ್ತಿದ್ದವು. ಐದೂ ಬಾಗಿಲಿನ ಕಾವಲುಗಾರ ಗೌಡರ ಮೊಮ್ಮಗ ಬಾಪು. ಗೌಡರ ಮನೆಗೆ ದೊಡ್ಡ ಪಾತ್ರ ಕೊಡದೆ ಆಟ ಆಡುವುದುಂಟೇ? ಅವನಿಗೆ ಐದು ಬಗೆಯ ಮೀಸೆ ಮಾಡಿಸಿದ್ದರು. ಮೊದಲ ದಿನ ಅವನು ನನ್ನನ್ನು ನೋಡಿ ಮೂಗು ಮುರಿದ. ನಾಲ್ಕನೆಯ ದಿನ ತನ್ನ ಬುತ್ತಿಯ ಶೇಂಗಾ ಹೋಳಿಗೆ ಮುರಿದುಕೊಟ್ಟು, "ನಾ ಬಂದ್ರ ಮಂದಿ ನಗ್ತಾರಲ್ಲ, ನನ್ನ ಸದ್ದಿಗೆ ಹೌದಲ್ಲ?" ಎಂದು ಕೇಳಿದ. ಹೌದೆಂದೆ. "ಮುತ್ಯಾಗ ಹೇಳಬ್ಯಾಡ. ಅವ ಮಂದಿ ಖುಷಿಗೆ ನಗ್ತಾರ ಅಂತ ತಿಳ್ಕೊಂಡಾನ," ಎಂದ. ಅವತ್ತಿನಿಂದ ನಾವು ದೋಸ್ತರಾದೆವು. ಆ ಊರಿಗೆ ಬಂದು ಐದು ವರ್ಷಕ್ಕೆ ನನಗೆ ಸಿಕ್ಕ ಮೊದಲ ದೋಸ್ತ ಅವನು.

ಮಾಸ್ತರ ನನಗೆ ಕಲಿಸಿದ್ದು ಒಂದೇ. "ನಿನ್ನ ಕಾಲು ಏನೂ ಹೇಳೂದಿಲ್ಲ. ಅದಕ್ಕ ಮೊಳಕಾಲು ಹೇಳಬೇಕು, ಸೊಂಟ ಹೇಳಬೇಕು, ಕುತ್ತಿಗಿ ಹೇಳಬೇಕು. ಹೋಗಿ ನೋಡು, ಮಂದಿ ಹ್ಯಾಂಗ ನಡೀತಾರ." ನಾನು ನೋಡಿದೆ. ಸಂತೆಯ ದಿನ ಬಳೆಗಾರ್ತಿಯ ಹಿಂದೆ ನಡೆದೆ, ಕಣಿ ಹೇಳುವವಳ ಹಿಂದೆ ನಡೆದೆ. ಮುದುಕಿಯ ವೇಷಕ್ಕೆ ದೂರ ಹೋಗಬೇಕಾಗಲಿಲ್ಲ. ಫಕೀರವ್ವ ಎಡಗೈ ಸೊಂಟಕ್ಕೆ ಕೊಟ್ಟು, ಪ್ರತಿ ಹೆಜ್ಜೆಗೂ ಭೂಮಿಗೆ ಸಾಲ ಕೊಟ್ಟವಳಂತೆ ತಲೆ ಅಲ್ಲಾಡಿಸುತ್ತ ನಡೆಯುತ್ತಿದ್ದಳು. ಮನೆಯಲ್ಲಿ ಆಕೆಯ ಹಿಂದೆಯೇ ನಾನೂ ಹಾಗೆ ನಡೆದು ಕಲಿತೆ. ಆಕೆಗೆ ತಿಳಿಯುವುದು ಹೇಗೆ?

ಆಟದ ದಿನ ಬಂತು. ಚಿಕ್ಕಮ್ಮ ಮುಂಜಾನೆಯೇ ನನ್ನ ಎರಡು ಲಂಗ ಮಡಚಿ ಗಂಟು ಕಟ್ಟಿಟ್ಟಿದ್ದಳು, ಮರುದಿನದ ಪ್ರಯಾಣಕ್ಕೆ. ಆ ಗಂಟಿನ ಕಡೆ ನೋಡದೆ ನನಗೆ ಸೀರೆ ಉಡಿಸಿದಳು, ರಾಣಿಯ ಹಳದಿ ಸೀರೆಯ ಮೇಲೆ ಬಳೆಗಾರ್ತಿಯ ಹಸಿರು ಸೀರೆ; ಉಳಿದ ಮೂರು ವೇಷ ಪರದೆಯ ಹಿಂದೆ ಇವುಗಳ ಮೇಲೆಯೇ ಹಾಕಿಕೊಳ್ಳಬೇಕು. ಮೈ ಜೋಳದ ಚೀಲದಂತಾಯಿತು. "ತಪ್ಪಿದ್ರೂ ನಿಲ್ಲಬ್ಯಾಡ," ಎಂದಳು, ಅಷ್ಟೇ. ಗೋದಾಮಿನ ಮೂಲೆಯಲ್ಲಿ ನಾನು ಸರದಿ ಕಾಯುತ್ತಿದ್ದೆ. ಆಚೆ ಬಾಪುವಿನ ಕ್ವಾಕ್ ಕೇಳಿ ಜನ ನಕ್ಕದ್ದು ಕಿವಿಗೆ ಬಿತ್ತು.

ಮಾಸ್ತರನ ಏರ್ಪಾಟಿನಂತೆ ನಾನು ರಂಗದ ಕಡೆಯಿಂದ ಬರದೆ ಜನರ ಹಿಂದಿನಿಂದ ಬಂದೆ, ಹೆಗಲ ಮೇಲೆ ಬಳೆಯ ಮಲಾರ ಹೊತ್ತು. ಹಿಂದಿನ ಸಾಲು ದಾಟುವುದರೊಳಗೆ ತಳವಾರ ಯಂಕಪ್ಪ ಕೋಲು ಅಡ್ಡ ಹಿಡಿದ. ಅದು ಆಟದಲ್ಲಿ ಇರಲಿಲ್ಲ.

"ಏ ಬಳಿಗಾರ್ತಿ, ನಿಲ್ಲು! ಯಾವೂರಾಕಿ ನೀ? ನನ್ನ ಕಿವಿ ತಪ್ಪಿಸಿ ಹ್ಯಾಂಗ ಒಳಗ ಬಂದಿ?"

ಹತ್ತು ವರ್ಷದ ಬಳೆಗಾರ್ತಿ ಎಲ್ಲಾದರೂ ಇರುತ್ತಾಳೆಯೇ ಎಂದು ಅವನಿಗೆ ಹೊಳೆಯಲಿಲ್ಲ. ನೋಡುವ ರೂಢಿಯಿದ್ದರಲ್ಲವೇ ಹೊಳೆಯುವುದು! ರಂಗದ ಅಟ್ಟದ ಮೇಲೆ ಮಾಸ್ತರನ ತಾಳ ನಿಂತಿತು. ಈಗ "ನಾನು ಸಾವಂತ್ರಿ ಮಾವಾ" ಎಂದರೆ ಕೋಲು ಇಳಿಯುತ್ತದೆ, ಆದರೆ ಆಟ ಅಲ್ಲಿಗೇ ಮುಗಿಯುತ್ತದೆ. ನಾನು ಬಳೆಗಾರ್ತಿಯಾಗಿಯೇ ಉಳಿದೆ.

"ಕಾವಲಪ್ಪಾ, ನಿನ್ನ ಕಿವಿ ಘಟ್ಟಿ ಅದಾವು. ಕಣ್ಣಿಗೇನಾಗೇತಿ? ಹೆಗಲ ಮ್ಯಾಲ ಮಲಾರ ಕಾಣವಲ್ದೇನು?"

"ಕಾಣ್ತೈತಿ."

"ಹಂಗಾದ್ರ ಹೇಳು, ನಿನ್ನ ಹೇಣ್ತಿ ಕೈ ಅಳತಿ ಎಷ್ಟು?"

ಯಂಕಪ್ಪ ತಲೆ ಕೆರೆದುಕೊಂಡ. "ಅದು... ನೋಡಿಲ್ಲ."

"ಮನಿಗೆ ಹೋಗಿ ನೋಡ್ಕೊಂಡು ಬಾ. ಅಲ್ಲೀತನ ನಾ ಕೋಟಿ ಒಳಗ ಇರ್ತೀನಿ."

ಪುಣ್ಯಾತ್ಮ ನಿಜವಾಗಿಯೂ ಮನೆಯ ಕಡೆ ನಾಲ್ಕು ಹೆಜ್ಜೆ ಹಾಕಿದ. ಜನ ಹೋ ಎಂದರು. ಹೆಂಗಸರು ಕೈ ಚಾಚಿ "ನನಗ ಹಸರು ಬಳಿ ತೋರ್ಸು" ಎನ್ನುತ್ತಿರುವಾಗಲೇ ನಾನು ಅಟ್ಟ ಹತ್ತಿ, ಬಾಪುವಿನ ಮೊದಲ ಮೀಸೆಯನ್ನು ದಾಟಿ, ಪರದೆಯ ಹಿಂದೆ ಮಾಯವಾದೆ. ಅಲ್ಲಿ ಸಿಪಾಯಿಯ ಅಂಗಿಯನ್ನು ಸೀರೆಯ ಮೇಲೆಯೇ ತೊಡುವಾಗ ನಗು ತಡೆಯಲಾಗಲಿಲ್ಲ. ಅಷ್ಟು ಸಂತೋಷ ನನಗೆ ಹಿಂದೆ ಆಗಿರಲಿಲ್ಲ.

ಎರಡನೆಯ ಬಾಗಿಲಿಗೆ ಸಿಪಾಯಿಯಾಗಿ ಬಂದೆ, ಮೂರನೆಯದಕ್ಕೆ ಕಣಿ ಹೇಳುವವಳಾಗಿ. ಗೌಡರ ಹೆಂಡತಿ ಎದ್ದು ಬಂದು ನನ್ನ ಬುಟ್ಟಿಗೆ ಒಂದು ಮೊರ ಜೋಳ ಸುರಿದು, ಬಾಪುವಿಗೆ ಮದುವೆ ಯಾವಾಗ ಎಂದು ಕೇಳಿದಳು. ಅಟ್ಟದ ಮೇಲೆ ಬಾಪು ತಲೆ ತಗ್ಗಿಸಿಕೊಂಡ. ಕಟ್ಟೆಯ ಮೇಲಿನಿಂದ ಗೌಡರು ಮಾಸ್ತರನಿಗೆ ಕೂಗಿದ್ದು ನನಗೂ ಕೇಳಿಸಿತು. "ಏ ಅಂದಾನೆಪ್ಪ, ಹೊರಗಿಂದ ಎಷ್ಟು ಮಂದೀನ ಕರಿಸೀದಿ? ಇವರಿಗೆಲ್ಲ ಊಟ ಯಾರ ಮನ್ಯಾಗ?"

ನಾಲ್ಕನೆಯ ವೇಷ ಮುದುಕಿಯದು. ಕಂಬಳಿ ಹೊದ್ದು, ಎಡಗೈ ಸೊಂಟಕ್ಕೆ ಕೊಟ್ಟು, ಬಾಪು ಅಟ್ಟದ ಮೇಲೆ ಉದ್ದನೆಯ ಹಾಡು ಹಾಡುವಾಗಲೇ ಹೆಂಗಸರ ನಡುವೆ ಬಂದು ಕೂತೆ. ಪಕ್ಕದಲ್ಲಿ ಯಾರೆಂದು ನೋಡಿದರೆ ಫಕೀರವ್ವ! ಏಳುವ ಹಾಗಿರಲಿಲ್ಲ. ಆಕೆ ನನ್ನ ಕಡೆ ತಿರುಗಿ, ಸೊಂಟದ ಮೇಲಿನ ನನ್ನ ಕೈ ಮುಟ್ಟಿ ನೋಡಿದಳು.

"ಯಾವೂರವ್ವಾ ನಿಂದು? ಸೊಂಟ ಹಿಡದೈತೇನು?"

"ಹೂಂ ಬೇ ತಂಗಿ. ದೂರದಾಕಿ."

"ನನಗೂ ಹಿಂಗ ನೋಡು. ಎಡಕ್ಕ ಹಿಡೀತೈತಿ. ಮನ್ಯಾಗ ಯಾರದಾರ ನಿನಗ?"

"ಯಾರೂ ಇಲ್ಲ," ಎಂದೆ. ಅದು ಪಾತ್ರದ ಮಾತೇ. ಆದರೆ ಅದನ್ನು ಹೇಳುವಾಗ ನನಗೆ ನಿಜವಾಗಿ ಅಳು ಬಂತು.

ಫಕೀರವ್ವ ತನ್ನ ಎಲೆಯಡಿಕೆ ಚೀಲ ಬಿಚ್ಚಿ ನನ್ನ ಕೈಗೆ ಒಂದು ಎಲೆ ಇಟ್ಟಳು. "ಅಳಬ್ಯಾಡ. ಆಟ ಮುಗದ ಮ್ಯಾಲ ನಮ್ಮ ಮನಿಗೆ ಬಾ. ನಾಳೆ ಒಂದು ಹಾಸಿಗಿ ಹೆಂಗಿದ್ರೂ ಖಾಲಿ ಆಗ್ತೈತಿ, ಬೇಕಾದಷ್ಟು ದಿನ ಇರು."

ಆ ಹಾಸಿಗೆ ನನ್ನದು. ಅಷ್ಟರಲ್ಲಿ ಮಾಸ್ತರನ ತಾಳ ಬಿತ್ತು, ನಾನು ಕೋಲೂರಿ ಎದ್ದು ಅಟ್ಟದ ಕಡೆ ನಡೆದೆ. ಹಿಂದೆ ಫಕೀರವ್ವ "ಅಯ್ಯ, ಈಕೀನೂ ಆಟದಾಕೀನೇ!" ಎಂದು ಬಾಯಿ ಬಿಟ್ಟದ್ದು ಕೇಳಿಸಿತು.

ಐದನೆಯ ಬಾಗಿಲಿನಲ್ಲಿ ವೇಷ ಹಾಕುವುದಿಲ್ಲ, ಕಳಚುವುದು. ಬಾಪು ಎಲ್ಲಕ್ಕಿಂತ ದೊಡ್ಡ ಮೀಸೆ ತಿರುವಿ, ಭರ್ಜಿ ಅಡ್ಡ ಹಿಡಿದು ಗುಡುಗಿದ. "ಯಾರು ನೀನು?" ನಾನು ಕಂಬಳಿ ಜಾರಿಸಿದೆ, ಮುದುಕಿ ಬಿದ್ದಳು. ಒಳಗಿನಿಂದ ಕಣಿಯವಳ ಸೀರೆ ಕಂಡಿತು, ಜನರೊಳಗೆ ಗುಜುಗುಜು ಎದ್ದಿತು. ಅದನ್ನೂ ಬಿಚ್ಚಿದೆ, ಸಿಪಾಯಿಯ ಅಂಗಿ. ಅದನ್ನು ಕಳಚಿದೆ, ಬಳೆಗಾರ್ತಿಯ ಹಸಿರು ಸೀರೆ. ಒಂದೊಂದು ಬಟ್ಟೆ ಬಿದ್ದಾಗಲೂ ಜನರ ಕುತ್ತಿಗೆ ಒಂದಿಷ್ಟು ಉದ್ದವಾಗುತ್ತಿತ್ತು. ನಾಲ್ಕು ಊರಿನಿಂದ ನಾಲ್ಕು ಮಂದಿ ಬಂದಿದ್ದಾರೆ ಎಂದುಕೊಂಡಿದ್ದವರಿಗೆ ಈಗ ಅಟ್ಟದ ಮೇಲೆ ಕಂಡದ್ದು ಹಳದಿ ಸೀರೆಯ ಒಬ್ಬಳೇ. ಕೊನೆಗೆ ಸೆರಗಿನಿಂದ ಮುಖದ ಮಸಿ ಒರೆಸಿಕೊಂಡು ತಲೆಯೆತ್ತಿದೆ.

ಕಿವಿಗೆ ಏನೂ ಕೇಳಿಸದ್ದರಿಂದ ಆ ಜನ ಎಲ್ಲರೂ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದರು. ಅಷ್ಟು ಕಣ್ಣು ಒಟ್ಟಿಗೆ ನನ್ನ ಮೇಲೆ ಬಿದ್ದದ್ದು ಅದೇ ಮೊದಲು.

"ಸಾವಂತ್ರಿ!" ಎಂದಳು ಯಾರೋ. ಫಕೀರವ್ವ! ಎದ್ದು ನಿಂತಿದ್ದಳು, ಸೊಂಟದ ಮೇಲಿನ ಕೈ ಬಾಯಿಗೆ ಹೋಗಿತ್ತು. "ಹಂಪೀ, ನಮ್ಮ ಸಾವಂತ್ರಿ ಅಲ್ಲೇನ ಅದು? ಮಾರಿ ಥೇಟ್ ನಿನ್ನಂಗ ಐತಲ್ಲೇ!"

"ನಾನು ಈ ಕೋಟೆಯಲ್ಲಿ ಸೆರೆಯಿರುವ ಅರಸನ ರಾಣಿ," ಎಂದು ನಾನು ಕೂಗಿದೆ. "ನನ್ನವರನ್ನು ಕರೆದೊಯ್ಯಲು ಬಂದಿದ್ದೇನೆ. ಬಾಗಿಲು ತೆಗೆ!"

ಬಾಪುವಿಗೆ ಇನ್ನೂ ಎರಡು ಪದ್ಯ ಹಾಡುವುದಿತ್ತು. ಅವನು ಬಾಯಿ ತೆರೆಯುವುದರೊಳಗೆ ಹಿಂದಿನ ಸಾಲಿನಿಂದ ಯಂಕಪ್ಪ ಕೋಲು ಎತ್ತಿ, "ಬಾಗಲ ತಗೀಯೋ!" ಎಂದು ಕಿರುಚಿದ. ಆಮೇಲೆ ಎಲ್ಲರೂ ಕಿರುಚಿದರು. "ತಗೀ! ಬಾಗಲ ತಗೀ!" ಮುದುಕರು, ಕೂಸು ಹೊತ್ತ ಹೆಂಗಸರು, ನನ್ನನ್ನು ಕಣ್ಣಾಮುಚ್ಚಾಲೆಗೆ ಸೇರಿಸದ ಹುಡುಗರು, ಎಲ್ಲರೂ. ಬಾಪು ಭರ್ಜಿ ಎಸೆದು, ಪದ್ಯ ಮರೆತು, ಎರಡೂ ಕೈಯಿಂದ ಬಾಗಿಲು ದೂಡಿದ. ನಾನು ಒಳಗೆ ನಡೆದೆ. ಎಷ್ಟೋ ಆಟ ಆಡಿದ್ದೇನೆ ಆಮೇಲೆ. ಆ ನಡಿಗೆಯ ಸಮ ಇನ್ನೊಂದಿಲ್ಲ.

ಮಂಗಳ ಹಾಡಿದ ಮೇಲೆ ಹೆಜ್ಜೆ ಒಪ್ಪಿಸುವುದು. ಆ ವರ್ಷ ಮೂವರು ಮಕ್ಕಳು. ಇಬ್ಬರು ತಮ್ಮ ತಮ್ಮ ಮನೆಯ ಸದ್ದು ಕೇಳಿಸಿ ಹೋದರು, ಗೌಡರು ಕೈ ಎತ್ತಿದರು. ಮೂರನೆಯವಳು ನಾನು. ಕಟ್ಟೆಯ ಮುಂದೆ ನಡೆದೆ, ಯಾವ ವೇಷವೂ ಇಲ್ಲದೆ, ನನ್ನ ನಡಿಗೆಯಲ್ಲಿ. ಧೂಳಿನ ಮೇಲೆ ಗಾಳಿ ಆಡಿದಷ್ಟೂ ಸದ್ದಿಲ್ಲ. ಗೌಡರ ಕೈ ಮಡಿಲಲ್ಲೇ ಇತ್ತು.

"ಯಾರ ಮನಿ ಹುಡುಗಿ?" ಎಂದು ಕೇಳಿದರು. ಅದು ಕೇಳಲೇಬೇಕಾದ ಮಾತು.

ಚಿಕ್ಕಮ್ಮ ಬಾಯಿ ತೆರೆದಳು. ಅವಳಿಗಿಂತ ಮೊದಲು ನಾನೇ ಹೇಳಿದೆ. ಐದು ಬಾಗಿಲು ದಾಟಿ ಬಂದವಳಿಗೆ ಇನ್ನೆಂಥ ಹೆದರಿಕೆ?

"ನಾ ಆಟದಾಕಿ ರೀ. ಇಲ್ಲೇ ಇರಾಕಿ."

ಗೌಡರು ಮೀಸೆ ನೀವಿಕೊಂಡರು. ಮಾಸ್ತರನನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಬಹಳ ಹೊತ್ತು ನನ್ನನ್ನು ನೋಡಿದರು.

"ಅಂದಾನೆಪ್ಪ," ಎಂದರು ಕೊನೆಗೆ. "ಬರೂ ವರ್ಷ ಈಕಿಗೆ ಯಾವ ಆಟ ಕೊಡ್ತಿ?"

ಜನರ ಕೇಕೆ ಮುಗಿಲು ಮುಟ್ಟಿತು. ಮಾಸ್ತರ ಏನೋ ಉತ್ತರ ಕೊಟ್ಟ, ಯಾರಿಗೂ ಕೇಳಿಸಲಿಲ್ಲ. ಫಕೀರವ್ವ ಗುಂಪಿನ ನಡುವೆ ನುಗ್ಗಿಬಂದು ನನ್ನ ರಟ್ಟೆ ಹಿಡಿದಳು. "ಆಟ ಆಮ್ಯಾಲ ನೋಡೂಣು. ಮುಂಜಾನಿಯಿಂದ ಹೊಟ್ಟಿಗೇನೂ ಇಲ್ಲ ಕೂಸಿಗೆ. ನಡಿ ಮನಿಗೆ!"

ನನಗೆ ಈಗ ಅರವತ್ತು ದಾಟಿದೆ. ಅಂದಾನೆಪ್ಪ ಮಾಸ್ತರ ಹೋದ ಮೇಲೆ ಮಕ್ಕಳಿಗೆ ಆಟ ಕಲಿಸುವವಳು ನಾನೇ. ಇವತ್ತಿನವರೆಗೂ ನನ್ನ ಕಾಲು ಈ ಊರಿನ ನೆಲದ ಮೇಲೆ ಒಂದು ಸದ್ದು ಮಾಡಿಲ್ಲ. ನಾನು ಬರುತ್ತಿದ್ದೇನೆಂದು ತಿಳಿಯಬೇಕಾದರೆ ಈ ಜನ ಮಾಡುತ್ತಿರುವ ಕೆಲಸ ಬಿಟ್ಟು ತಲೆಯೆತ್ತಿ ನೋಡಬೇಕು. ನೋಡುತ್ತಾರೆ.